ವಿಗ್ರಹಕ್ಕೆ ವಕೀಲರಿದ್ದಾರೆ, ಅವ್ವನಿಗೆ?

ದೊಡ್ಡ ವಕೀಲರ ಮನೆ ಮುಂದಿನ ಬೋರ್ಡು ನೋಡಿ. ಟ್ರಸ್ಟು, ತೆರಿಗೆ, ವ್ಯಾಪಾರದ ವ್ಯಾಜ್ಯ. ಕೊಲೆ, ಕಳವು, ಹೊಡೆದಾಟ ಆ ಮೆಟ್ಟಿಲು ಹತ್ತುವುದಿಲ್ಲ. ಹತ್ತುವುದು ಆಸ್ತಿ ಒಂದೇ. 1961ರ ವಕೀಲರ ಕಾಯ್ದೆ ಎಲ್ಲರನ್ನೂ ಅಡ್ವೊಕೇಟ್ ಎಂಬ ಒಂದೇ ವರ್ಗಕ್ಕೆ ತಂದಿತು. ಬ್ಯಾರಿಸ್ಟರ್ ಎಂಬ ಹೆಸರು ಹೋಯಿತು, ಬ್ಯಾರಿಸ್ಟರನ ಕಸುಬು ಹೋಗಲಿಲ್ಲ.

ಏನು ಆ ಕಸುಬು? ಆಸ್ತಿ ಒಬ್ಬನ ಹೆಸರಿನಲ್ಲಿರಬೇಕು, ಫಲ ಇನ್ನೊಬ್ಬನಿಗೆ ಸೇರಬೇಕು, ತೆರಿಗೆ ಆದಷ್ಟು ಯಾರಿಗೂ ತಾಗಬಾರದು. ಈ ಏರ್ಪಾಟಿಗೆ ಟ್ರಸ್ಟು ಎನ್ನುತ್ತಾರೆ. ಕನ್ನಡದಲ್ಲಿ ಹೇಳಿದರೆ, ನಂಬಿಕೆ!

ಈ ನಂಬಿಕೆಯ ಕಾನೂನು ಎಷ್ಟು ನಾಜೂಕಿನದು ಕೇಳಿ. ಕಲ್ಕತ್ತೆಯ ಮಲ್ಲಿಕ್ ಮನೆತನದವರು ಮನೆದೇವರ ವಿಗ್ರಹಕ್ಕಾಗಿ ಜಗಳಾಡಿ ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋದರು. 1925ರಲ್ಲಿ ತೀರ್ಪು ಬಂತು. ವಿಗ್ರಹ ಬರೀ ಸಾಮಾನಲ್ಲ, ಕಾನೂನಿನ ಕಣ್ಣಿನಲ್ಲಿ ಅದೂ ಒಬ್ಬ ವ್ಯಕ್ತಿ. ತಾನು ಎಲ್ಲಿ ಇರಬೇಕು ಎಂಬ ಬಗ್ಗೆ ಅದಕ್ಕೂ ಇಚ್ಛೆಯಿದೆ, ಆ ಇಚ್ಛೆಯನ್ನು ಗೌರವಿಸಬೇಕು. ಅದರ ಪರವಾಗಿ ಮಾತಾಡಲು ಸ್ವಾರ್ಥವಿಲ್ಲದ ಒಬ್ಬ ಪ್ರತಿನಿಧಿ ಬೇಕು. 1969ರಲ್ಲಿ ನಮ್ಮ ಸುಪ್ರೀಂ ಕೋರ್ಟು ಇನ್ನೊಂದು ಮಾತು ಸೇರಿಸಿತು: ದೇವರ ಆದಾಯಕ್ಕೂ ತೆರಿಗೆ ಲೆಕ್ಕ ಹಾಕಬಹುದು.

ಅಲ್ಲಿಗೆ ಕಲ್ಲಿಗೆ ಆಸ್ತಿಯುಂಟು, ಇಚ್ಛೆಯುಂಟು, ವಕೀಲನುಂಟು, ತೆರಿಗೆ ಲೆಕ್ಕ ಬರೆಯುವವನೂ ಉಂಟು.

ಈಗ ಹರಪನಹಳ್ಳಿಗೆ ಬನ್ನಿ. ಉಚ್ಚಂಗಿದುರ್ಗದ ಗುಡ್ಡ ಹತ್ತಿ. ಭರತ ಹುಣ್ಣಿಮೆಗೆ ಯಾರ ಮಕ್ಕಳ ಕೊರಳಿಗೆ ಮುತ್ತು ಬೀಳುತ್ತಿತ್ತು? ಊರ ಗೌಡನ ಮಗಳಿಗಲ್ಲ, ಪೂಜಾರಿಯ ಮಗಳಿಗಲ್ಲ. ಕೇರಿಯ ಮಗಳಿಗೆ. ಆ ಕೂಸಿನ ಇಚ್ಛೆ ಯಾವ ಕೌನ್ಸಿಲ್ಲು ಕೇಳಿತು? ಕಲ್ಲಿಗೆ ಇರುವ ಇಚ್ಛೆ ಹತ್ತು ವರ್ಷದ ಹುಡುಗಿಗೆ ಇಲ್ಲೇನು?

ಕಾನೂನು ಇರಲಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಹರಪನಹಳ್ಳಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದಾಗಲೇ 1947ರ ಮದ್ರಾಸ್ ದೇವದಾಸಿ ಕಾಯ್ದೆ ಬಂತು. ಕರ್ನಾಟಕದ್ದು 1982ರಲ್ಲಿ ಬಂತು. ಆದರೂ 2014ರ ಫೆಬ್ರವರಿಯಲ್ಲಿ, ಆಗ ದಾವಣಗೆರೆ ಜಿಲ್ಲೆಯಲ್ಲಿದ್ದ ಇದೇ ಹರಪನಹಳ್ಳಿಯ ಒಂದು ದುರ್ಗಾ ಗುಡಿಯಲ್ಲಿ ಹೆಣ್ಣುಮಕ್ಕಳನ್ನು ಬಿಡುವುದನ್ನು ತಡೆಯಿರಿ ಎಂದು ಸುಪ್ರೀಂ ಕೋರ್ಟು ರಾಜ್ಯದ ಮುಖ್ಯ ಕಾರ್ಯದರ್ಶಿಗೇ ಆದೇಶ ಕೊಡಬೇಕಾಯಿತು. 1993-94 ಮತ್ತು 2007-08ರ ಸರ್ಕಾರಿ ಸಮೀಕ್ಷೆಗಳು ಗುರುತಿಸಿದ ದೇವದಾಸಿಯರು 46,660. ಇದು ಎಣಿಕೆಗೆ ಸಿಕ್ಕವರ ಲೆಕ್ಕ.

ಟ್ರಸ್ಟಿನ ಪಂಡಿತರಿಗೆ ನಮ್ಮದೊಂದು ಪ್ರಶ್ನೆ. ಹುಡುಗಿಯನ್ನು ದೇವರಿಗೆ ಬಿಟ್ಟರು ಅಂತೀರಿ. ಅಂದರೆ ಅವಳು ದೇವರ ಸೊತ್ತು. ಟ್ರಸ್ಟಿಯಾದವನು ಟ್ರಸ್ಟಿನ ಆಸ್ತಿಯನ್ನು ಸ್ವಂತ ಲಾಭಕ್ಕೆ ಬಳಸಬಾರದು, ಇದು 1882ರ ನಿಮ್ಮದೇ ಕಾಯ್ದೆಯ ಪಾಠ. ಹಾಗಾದರೆ ದೇವರ ಸೊತ್ತನ್ನು ರಾತ್ರಿ ಬಳಸಿದ ಊರ ದೊಡ್ಡವರು ಯಾರು? ಅವರ ಮೇಲೆ ನಂಬಿಕೆದ್ರೋಹದ ದಾವೆ ಯಾಕೆ ಬೀಳಲಿಲ್ಲ? ಗುಡಿಯ ಒಂದು ಎಕರೆ ಒತ್ತುವರಿಯಾದರೆ ಕೋರ್ಟಿಗೆ ಓಡುತ್ತೀರಿ. ಹೆಣ್ಣಿನ ಮೈ ಒತ್ತುವರಿಯಾದಾಗ ಅದು ಸಂಪ್ರದಾಯ! ಅವಳ ಮಗ ಶಾಲೆಗೆ ಬಂದಾಗ "ನಿಮ್ಮಪ್ಪನ ಹೆಸರೇನೋ?" ಅಂತ ಎಲ್ಲರ ಮುಂದೆ ಕೇಳುತ್ತೀರಿ. ಆ ಪ್ರಶ್ನೆಯನ್ನು ಊರ ಕಟ್ಟೆಯ ಮೇಲೆ ಕೇಳಬೇಕಿತ್ತು.

ವಕೀಲರು ಹೇಳುತ್ತಾರೆ: ನಮ್ಮ ಕೆಲಸ ವಾದ ಮಾಡುವುದು, ಕಾನೂನು ಎಲ್ಲರಿಗೂ ಒಂದೇ. 1974ರ ಭೂಸುಧಾರಣೆ ತಿದ್ದುಪಡಿ ಭೂ ನ್ಯಾಯಮಂಡಳಿ ತಂದಾಗ, ಅಲ್ಲಿ ವಕೀಲರು ಬರಕೂಡದು ಎಂಬ ಕಲಮು ಇತ್ತು. ಗೇಣಿದಾರ ತನ್ನ ಬಾಯಿಂದಲೇ "ಈ ಹೊಲ ಉಳುವವನು ನಾನು ಸ್ವಾಮಿ" ಅನ್ನಬಹುದಿತ್ತು. ವಕೀಲರ ಹಕ್ಕಿಗೆ ಧಕ್ಕೆ ಎಂದು 1987ರಲ್ಲಿ ಸುಪ್ರೀಂ ಕೋರ್ಟು ಆ ಕಲಮು ಹೊಡೆದುಹಾಕಿತು. ಗೇಣಿದಾರನೂ ವಕೀಲನನ್ನು ಇಡಬಹುದಲ್ಲ ಅಂದರು. ಹೌದು. ಯಾವ ದುಡ್ಡಿನಲ್ಲಿ?

ಹಾಗಂತ ಕಾನೂನು ಅವರದು, ನಮಗೇಕೆ ಎಂದು ಕೈಚೆಲ್ಲುವ ಗೆಳೆಯರೂ ಇದ್ದಾರೆ. ಅವರಿಗೆ ಇನ್ನೊಬ್ಬ ಬ್ಯಾರಿಸ್ಟರನ ನೆನಪು ಮಾಡುತ್ತೇವೆ. 1922ರಲ್ಲಿ ಲಂಡನ್ನಿನ ಗ್ರೇಸ್ ಇನ್‌ನಿಂದ ಬ್ಯಾರಿಸ್ಟರ್ ಆಗಿ, 1923ರಲ್ಲಿ ಬಾಬಾಸಾಹೇಬರು ಬೊಂಬಾಯಿಯಲ್ಲಿ ವಕೀಲಿಗೆ ನಿಂತರು. ಅರ್ಥಶಾಸ್ತ್ರದ ಇಷ್ಟು ದೊಡ್ಡ ವಿದ್ವಾಂಸ ತೆರಿಗೆಯ, ವ್ಯಾಪಾರದ ಕೇಸುಗಳಲ್ಲಿ ಲಕ್ಷ ಗಳಿಸಬಹುದಿತ್ತು. ಆದರೆ ಸಾಲಿಸಿಟರುಗಳು ಮುಟ್ಟಬಾರದವನ ಕೈಗೆ ಕೇಸು ಕೊಡಲಿಲ್ಲ. ಹೊಟ್ಟೆಪಾಡಿಗೆ ಅವರು ವಾಣಿಜ್ಯ ಕಾನೂನು ಪಾಠ ಹೇಳಿದರು. 1927ರಲ್ಲಿ ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದಾಗ ಸವರ್ಣೀಯರು ಏನು ಮಾಡಿದರು? ಕೆರೆ ನಮ್ಮ ಖಾಸಗಿ ಸೊತ್ತು ಎಂದು ಸಿವಿಲ್ ದಾವೆ ಹೂಡಿದರು! ಬಡಿಗೆಗೆ ಬಗ್ಗದವರ ಮೇಲೆ ಕಾಗದದ ಏಟು. ಬಾಬಾಸಾಹೇಬರು ಕಾಗದಕ್ಕೆ ಕಾಗದದಲ್ಲೇ ಉತ್ತರ ಕೊಟ್ಟು ಹತ್ತು ವರ್ಷ ನಿಂತರು. 1937ರ ಮಾರ್ಚಿನಲ್ಲಿ ಬೊಂಬಾಯಿ ಹೈಕೋರ್ಟು ಸವರ್ಣೀಯರ ವಾದ ತಳ್ಳಿಹಾಕಿತು.

ಇದು ನಮಗೆ ಪಾಠ. ನಮ್ಮ ಹುಡುಗರು ಎಲ್ಎಲ್‌ಬಿ ಓದಿದರೆ ಪೊಲೀಸ್ ಠಾಣೆ, ಜಾಮೀನು, ಅಲ್ಲಿಗೆ ನಿಲ್ಲುತ್ತಾರೆ. ಅದೂ ಬೇಕು. ಆದರೆ ಆಸ್ತಿಯ ಕಾನೂನನ್ನು ಉಳ್ಳವರಿಗೇ ಬಿಟ್ಟುಕೊಟ್ಟರೆ ನಾವು ಎಂದೆಂದಿಗೂ ಆರೋಪಿಗಳು, ಅವರು ಎಂದೆಂದಿಗೂ ವಾರಸುದಾರರು. ಧರ್ಮಾರ್ಥದ ಹೆಸರಿನಲ್ಲಿ ತೆರಿಗೆ ವಿನಾಯಿತಿ ಪಡೆದ ಟ್ರಸ್ಟಿನಲ್ಲಿ ನಮ್ಮ ದುಡ್ಡೂ ಇದೆ. ಕೂಲಿಯವಳು ಕೊಳ್ಳುವ ಬೆಂಕಿಪೊಟ್ಟಣಕ್ಕೂ ಚಪ್ಪಲಿಗೂ ವಿನಾಯಿತಿ ಇಲ್ಲ, ನೆನಪಿರಲಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮು ಓದಿ: ಸಾರ್ವಜನಿಕ ಟ್ರಸ್ಟಿನಲ್ಲಿ ಹಿತಾಸಕ್ತಿಯುಳ್ಳ ಇಬ್ಬರು ಸೇರಿ, ಕೋರ್ಟಿನ ಅನುಮತಿ ಪಡೆದು, ಲೆಕ್ಕ ಕೊಡು ಎಂದು ದಾವೆ ಹೂಡಬಹುದು. ಇಬ್ಬರು ಸಾಕು! 1987ರ ಕಾನೂನು ಸೇವೆಗಳ ಕಾಯ್ದೆಯಡಿ ಪರಿಶಿಷ್ಟರಿಗೂ ಹೆಣ್ಣುಮಕ್ಕಳಿಗೂ ಉಚಿತ ವಕೀಲನ ಹಕ್ಕಿದೆ. ಮೇಷ್ಟ್ರೇ, ಇದನ್ನು ಕೇರಿಯಲ್ಲಿ ಓದಿ ಹೇಳಿ.

ಕಲ್ಲಿನ ಪರವಾಗಿ ಮಾತಾಡಲು ಸ್ವಾರ್ಥವಿಲ್ಲದ ಪ್ರತಿನಿಧಿಯನ್ನು ಹುಡುಕಿದ ದೇಶ ಇದು. ಅವ್ವನ ಪರವಾಗಿ ಮಾತಾಡುವವರು ನಮ್ಮ ಕೇರಿಯಿಂದಲೇ ಬರಬೇಕು. ಅವರಿಗೆ ಕರಿಕೋಟು ಹೊಲಿಸಿಕೊಡುವ ಕೆಲಸ ನಮ್ಮದು.