ತಕ್ಕಡಿಯನ್ನೂ ತೂಗಬೇಕು

ಹುಟ್ಟುಗುಣ ಸುಟ್ಟರೂ ಹೋಗದು ಎಂಬುದು ಗಾದೆ. ಆಸ್ಪತ್ರೆಯ ಕಡತದಲ್ಲಿ ಬರೆದ ಗುಣ ಅದಕ್ಕಿಂತಲೂ ಗಟ್ಟಿ. ಪರ್ಸನಾಲಿಟಿ ಡಿಸಾರ್ಡರ್, ಅಂದರೆ ವ್ಯಕ್ತಿತ್ವದ ವಿಕಾರ, ಎಂಬ ರೋಗನಿದಾನದ ವಿಷಯವಾಗಿ ಈ ಮಾತು ಹೇಳುತ್ತಿದ್ದೇನೆ. ಇದಕ್ಕೆ ರಕ್ತಪರೀಕ್ಷೆಯಿಲ್ಲ, ವೈದ್ಯರು ಕೇಳುತ್ತಾರೆ, ನೋಡುತ್ತಾರೆ, ಬರೆಯುತ್ತಾರೆ.

ನಮ್ಮ ನೆರೆಯ ಸ್ಟ್ಯಾನ್‌ಫರ್ಡಿನ ಪ್ರೊಫೆಸರ್ ಡೇವಿಡ್ ರೋಸೆನ್‌ಹಾನ್ 1973ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ರೋಗವಿಲ್ಲದ 8 ಮಂದಿ, ಕಿವಿಯಲ್ಲಿ ದನಿ ಕೇಳಿಸುತ್ತದೆಂದು ಸುಳ್ಳು ಹೇಳಿ 12 ಮಾನಸಿಕ ಆಸ್ಪತ್ರೆಗಳನ್ನು ಸೇರಿದರು. ಆಮೇಲೆ ಸಹಜವಾಗಿಯೇ ನಡೆದುಕೊಂಡರೂ ಸರಾಸರಿ 19 ದಿನ ಒಳಗೇ ಉಳಿದರು ಎಂಬುದು ಅದರ ಸಾರ. 2019ರಲ್ಲಿ ಪತ್ರಕರ್ತೆ ಸುಸಾನಾ ಕಹಲನ್ ಆ ವರದಿಯ ಪ್ರಾಮಾಣಿಕತೆಯನ್ನೇ ತಮ್ಮ ಪುಸ್ತಕದಲ್ಲಿ ಪ್ರಶ್ನಿಸಿದರು. ವರದಿ ನಿಲ್ಲಲಿ, ಬೀಳಲಿ; ಅದೆತ್ತಿದ ಪ್ರಶ್ನೆ ಉಳಿದಿದೆ. ಇಬ್ಬರು ವೈದ್ಯರು ಒಂದೇ ರೋಗಿಗೆ ಒಂದೇ ಹೆಸರು ಕೊಡುವಂತಾಗಲೆಂದು ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿ ತನ್ನ ಕೈಪಿಡಿಯ ಮೂರನೆಯ ಆವೃತ್ತಿಯಲ್ಲಿ ಲಕ್ಷಣಗಳ ಪಟ್ಟಿಗಳನ್ನು ಕೊಟ್ಟಿತು.

ರಸಾಯನಶಾಸ್ತ್ರದವನಾಗಿ ನನ್ನ ತಕರಾರು ಇಲ್ಲಿದೆ. ಕೆಟ್ಟ ತಕ್ಕಡಿಯಲ್ಲಿ ಹತ್ತು ಸಲ ತೂಗಿದರೂ ಒಂದೇ ತೂಕ ಬರಬಹುದು. ಅದು ಸರಿಯಾದ ತೂಕವಲ್ಲ. ಡೆನ್ಮಾರ್ಕಿನಲ್ಲಿ 1969ರಿಂದ ಇಡೀ ದೇಶದ ಮನೋರೋಗಿಗಳ ಆಸ್ಪತ್ರೆ ದಾಖಲೆಗಳನ್ನು ಕಂಪ್ಯೂಟರಿನಲ್ಲಿ ಕೂಡಿಡುತ್ತ ಬಂದರು. ಇಂಥ ದಾಖಲೆಗಳನ್ನು ಪರೀಕ್ಷಿಸುವವರು ಸಾಮಾನ್ಯವಾಗಿ ವೈದ್ಯರ ಕಡತದೊಡನೆ ತಾಳೆ ನೋಡುತ್ತಾರೆ. ತಾಳೆಯಾದರೆ ನಕಲು ಸರಿಯಾಗಿದೆ ಎಂದಷ್ಟೇ ಅರ್ಥ. ವೈದ್ಯರು ಮನುಷ್ಯನನ್ನು ಸರಿಯಾಗಿ ತಿಳಿದರೆಂದಲ್ಲ. ದೇಶದ ಲೆಕ್ಕಕ್ಕೆ ಅದು ಬೇಕು. ಒಬ್ಬರ ಬಗೆಗೆ ತೀರ್ಪು ಕೊಡಲು ಸಾಲದು.

ಅಮೆರಿಕದಲ್ಲಿ ಅಂಥ ರಾಷ್ಟ್ರೀಯ ದಾಖಲೆ ಇಲ್ಲ. ಆದರೆ ಒಬ್ಬ ವೈದ್ಯರು ಬರೆದ ಹೆಸರು ಕಂಪ್ಯೂಟರಿನ ಮೂಲಕ ಇನ್ನೊಬ್ಬರನ್ನು ತಲುಪುತ್ತದೆ. ತಂದೆತಾಯಿಗಳನ್ನು ಕೇಳದೆ ನಿರ್ಧಾರ ಮಾಡದ ನಮ್ಮ ಮಗಳು, ನಮ್ಮ ರೀತಿನೀತಿ ಅರಿಯದವರ ಕಣ್ಣಿಗೆ ಪರಾವಲಂಬಿ ವ್ಯಕ್ತಿತ್ವದವಳಾಗಿ ಕಂಡಾಳು. ಊರಿನಿಂದ ಬಂದ ಅತ್ತೆಯವರ ಮೌನಕ್ಕೆ ಇಂಗ್ಲಿಷ್ ಬಾರದಿರುವುದೇ ಕಾರಣವಿರಬಹುದು.

ಆದ್ದರಿಂದ ಮನೋವೈದ್ಯರ ಬಳಿಗೆ ಹೋಗಬೇಡಿರೆಂದು ಯಾರೂ ತಿಳಿಯಬಾರದು. ನಾಚಿಕೆಪಡದೆ ಹೋಗಿ, ಅವರನ್ನು ಕೇಳದೆ ಔಷಧ ನಿಲ್ಲಿಸಬೇಡಿ. ಆದರೆ ಕನ್ನಡದ ದುಭಾಷಿಯನ್ನು ಕೇಳಿ. ಎಷ್ಟು ಭೇಟಿಗಳ ಮೇಲೆ ಈ ಹೆಸರು ಬರೆದಿರಿ ಎಂದು ವಿಚಾರಿಸಿ. ಇನ್ನೊಬ್ಬ ವೈದ್ಯರಿಗೂ ತೋರಿಸಿ. ಕ್ಯಾಲಿಫೋರ್ನಿಯಾದ ಕಾನೂನಿನಂತೆ ನಿಮ್ಮ ಕಡತವನ್ನು ಓದಿ, ತಪ್ಪೆನಿಸಿದ ಒಂದೊಂದು ಅಂಶಕ್ಕೂ 250 ಪದಗಳವರೆಗೆ ನಿಮ್ಮ ಹೇಳಿಕೆಯನ್ನು ಸೇರಿಸಬಹುದು. ಹೆಚ್ಚುಕಡಿಮೆ ಈ ಲೇಖನದಷ್ಟು ಉದ್ದ. ಅಷ್ಟು ಬರೆಯಲು ನಮ್ಮಲ್ಲಿ ಯಾರಿಗೂ ಕಷ್ಟವಿಲ್ಲ.