‘ಹಿಂದುಳಿದ’ ಯಾರು, ಯಾವುದು?

ಮೈಸೂರಿನಿಂದ ಹೊರಟ ರೈಲು ತನ್ನ ಕೊನೆಯ ನಿಲ್ದಾಣವಾದ ಚಾಮರಾಜನಗರವನ್ನು ಸೇರುವ ಮುನ್ನ ಬದನಗುಪ್ಪೆಯನ್ನು ಹಾದುಹೋಗುತ್ತದೆ. ಈ ಊರಿನ ಹೆಸರನ್ನು ನಾನು ಪತ್ರಿಕೆಗಳಲ್ಲಿ ಓದಿರುವುದು ಬಹುಮಟ್ಟಿಗೆ ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶದ ಸುದ್ದಿಯಲ್ಲಿ. ಅದರ ಬೆನ್ನಿಗೇ ‘ಹಿಂದುಳಿದ ಜಿಲ್ಲೆ’ ಎಂಬ ಮಾತೂ ಬರುತ್ತದೆ. ಅದೊಂದು ವಿಶೇಷಣವೆಂಬುದೇ ನಮಗೆ ಮರೆತುಹೋಗಿ, ಜಿಲ್ಲೆಯ ಇನಿಷಿಯಲ್‌ನಂತೆ ಆಗಿಬಿಟ್ಟಿದೆ.

ಇದು ಇಂಗ್ಲಿಷಿನ ‘ಬ್ಯಾಕ್‌ವರ್ಡ್’ ಪದದ ಕನ್ನಡ ರೂಪ. ‘ಬ್ಯಾಕ್’ ಎಂದರೆ ಬೆನ್ನು. ‘ವರ್ಡ್’ ಎಂದರೆ ಕಡೆಗೆ. ಮೊದಲಿಗೆ ಅದು ದಿಕ್ಕನ್ನಷ್ಟೇ ಹೇಳುತ್ತಿತ್ತು; ಬೈಗುಳವಾಗಿರಲಿಲ್ಲ. ಹಿಂಜರಿಯುವವ, ಕಲಿಕೆಯಲ್ಲಿ ಮಂದ ಎಂಬ ಅರ್ಥಗಳು ಕಾಲಾನಂತರ ಸೇರಿಕೊಂಡವು. ಪ್ರಗತಿಯಲ್ಲಿ ಹಿಂದೆ ಬಿದ್ದ ಎಂಬ ಅರ್ಥ ಕಾಣಿಸಿಕೊಂಡದ್ದು 17ನೇ ಶತಮಾನದ ಕೊನೆಯ ಹೊತ್ತಿಗೆ. ಲೋಕವೆಲ್ಲ ಒಂದೇ ಹಾದಿಯಲ್ಲಿ ನಡೆಯುತ್ತಿದೆಯೆಂಬ ನಂಬಿಕೆ ಬೇರೂರಿದಂತೆ ದಿಕ್ಕು ದರ್ಜೆಯಾಯಿತು.

ಕನ್ನಡಕ್ಕೆ ಬರುವಾಗ ಇನ್ನೊಂದು ಸೂಕ್ಷ್ಮ ಬದಲಾವಣೆಯಾಗಿದೆ. ‘ಹಿಂದುಳಿದ’ ಎಂಬುದು ಕ್ರಿಯೆಯಿಂದ ಹುಟ್ಟಿದ ಪದ; ಉಳಿದವನೇ ಅಲ್ಲಿ ಕರ್ತೃ. ಹಿಂದೆ ಬಿಟ್ಟವರು ಯಾರೆಂದು ವ್ಯಾಕರಣ ಕೇಳುವುದೇ ಇಲ್ಲ.

ಆದರೂ ಈ ಪದವನ್ನು ಹೀಗಳೆಯಲು ನನಗೆ ಮನಸ್ಸಾಗದು. 1918ರಲ್ಲಿ ಮೈಸೂರು ಸಂಸ್ಥಾನ ನೇಮಿಸಿದ ಮಿಲ್ಲರ್ ಸಮಿತಿ, ಸರ್ಕಾರಿ ನೌಕರಿಯಲ್ಲಿ ಸಾಕಷ್ಟು ಪಾಲಿಲ್ಲದ ಸಮುದಾಯಗಳನ್ನು ಇದೇ ಹೆಸರಿನಿಂದ ಗುರುತಿಸಿತು. ಅವಮಾನದ ಮಾತು ಹಕ್ಕಿನ ಮಾತಾದದ್ದು ಹಾಗೆ. 1951ರ ಮೊದಲ ತಿದ್ದುಪಡಿಯ ಮೂಲಕ ಅದು ಸಂವಿಧಾನದ 15(4)ನೇ ವಿಧಿಗೂ ಬಂತು. ಲಕ್ಷಾಂತರ ಮನೆಗಳ ಮೊದಲ ಪದವೀಧರರು ಈ ವಿಶೇಷಣಕ್ಕೆ ಋಣಿಗಳು.

ಜನರಿಗೆ ಅಂಟಿದ್ದ ಈ ಪದ ನೆಲಕ್ಕೂ ಅಂಟಿತು. 2002ರಲ್ಲಿ ವರದಿ ನೀಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 35 ಸೂಚಕಗಳನ್ನು ಅಳೆದು, ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಎಂದಿತು. ಅವುಗಳಲ್ಲೂ ಹಿಂದುಳಿದ, ಅತಿ ಹಿಂದುಳಿದ, ಅತ್ಯಂತ ಹಿಂದುಳಿದ ಎಂಬ ಮೂರು ಮೆಟ್ಟಿಲು. ಸಮಿತಿಯ ಉದ್ದೇಶ ಪ್ರಾದೇಶಿಕ ಅಸಮತೋಲನದ ನಿವಾರಣೆ. ಅದರಲ್ಲಿ ಎರಡು ಮಾತಿಲ್ಲ.

ನನ್ನ ತಕರಾರು ಇರುವುದು ಆಮೇಲಿನ ಲೆಕ್ಕದಲ್ಲಿ. ವ್ಯಕ್ತಿ ಹಿಂದುಳಿದವನೆಂದಾದರೆ ಸೀಟು, ನೌಕರಿ ಆತನಿಗೇ ಸಲ್ಲುತ್ತದೆ. ತಾಲ್ಲೂಕು ಹಿಂದುಳಿದದ್ದೆಂದಾದರೆ ಕೈಗಾರಿಕಾ ನೀತಿಯ ಸಹಾಯಧನ, ತೆರಿಗೆ ವಿನಾಯಿತಿ ಮೊದಲು ಸೇರುವುದು ಹೊರಗಿನಿಂದ ಬಂದು ಬಂಡವಾಳ ಹೂಡುವವರಿಗೆ. ಹೆಸರು ಊರಿನದು, ರಿಯಾಯಿತಿ ಉದ್ಯಮಿಯದು. ಊರಿನವರ ಪಾಲಿಗೆ ಉಳಿಯುವುದು ಉದ್ಯೋಗದ ಭರವಸೆ.

ಉದ್ಯಮ ಬರಲಿ, ಮಳೆಯನ್ನೇ ನಂಬಿದ ಬೇಸಾಯದಿಂದ ಕೂಲಿಗಾಗಿ ವಲಸೆ ಹೋಗುವವರಿಗೆ ಅದು ಬೇಕು. ಆದರೆ ರಿಯಾಯಿತಿ ಪಡೆದ ಪ್ರತಿಯೊಂದು ಕಾರ್ಖಾನೆಯೂ ಭೂಮಿ ಬಿಟ್ಟುಕೊಟ್ಟ ಮನೆಗಳ ಎಷ್ಟು ಮಂದಿಗೆ, ಯಾವ ಹುದ್ದೆಯನ್ನು, ಕಾಯಂ ಆಗಿಯೋ ಗುತ್ತಿಗೆಯ ಮೇಲೋ ಕೊಟ್ಟಿದೆ ಎಂಬ ಪಟ್ಟಿಯನ್ನು ವರ್ಷಕ್ಕೊಮ್ಮೆ ಬದನಗುಪ್ಪೆಯ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಲಿ.