ಬುದ್ಧಿ ಹೇಳುವವರು ಬಹಳ, ಕೇಳುವವರು ಬೇಕು

ಹನ್ನೆರಡನೇ ಫಲಿತಾಂಶ ಬಂತೆಂದರೆ ಜತ್ತ, ಅಕ್ಕಲಕೋಟ ಭಾಗದ ಮನೆಗಳಲ್ಲಿ ಮಾತು ಒಂದೇ: ಡಿಎಡ್, ನರ್ಸಿಂಗ್, ಇಲ್ಲಾ ಬಿಕಾಂ. ಮಗಳು 'ಸೈಕಾಲಜಿ ತಗೋತೀನಿ' ಅಂದರೆ 'ಹುಚ್ಚರ ದವಾಖಾನಿಗೆ ಹೋಗ್ತಿಯೇನ?' ಎಂದು ನಗುತ್ತಾರೆ. ಬಿಕಾಂ ಮಾಡಿದ ನಾನೂ ಮೊದಲು ಹಾಗೇ ನಕ್ಕವನು.

ಆದರೆ ಹುಡುಗರು ಜೀವ ಕಳಕೊಂಡ ಸುದ್ದಿಯನ್ನು ನಾಲ್ಕು ಸಾಲಿನಲ್ಲಿ ಬರೆದು ಕಳಿಸುವ ಕೆಲಸವೂ ನನ್ನದೇ. 'ಒಂದ್ ಮಾತ ನಮಗ ಹೇಳಿದ್ರ ಸಾಕಿತ್ತು' ಎಂದು ಮನೆಯವರು ಅಳುತ್ತಾರೆ. ಹೇಳಿದ್ದರೆ ಕೇಳುವ ಪದ್ಧತಿ ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತಿತ್ತು?

ಬುದ್ಧಿ ಹೇಳಲು ಊರ ಕಟ್ಟೆಯ ಮೇಲೆ ಮಂದಿ ಕಡಿಮೆ ಇಲ್ಲ. ಆಪ್ತಸಮಾಲೋಚನೆ ಬೇರೆ ವಿದ್ಯೆ. ಎದುರಿನವರನ್ನು ತೂಗಿ ನೋಡದೆ ಕೇಳಬೇಕು ಎಂದು ಅಮೆರಿಕದ ಮನಃಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಒತ್ತಿ ಹೇಳಿದ್ದರು. ಕಾಲೇಜಿನಲ್ಲಿ ಓದಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಬೆಳವಣಿಗೆಯ ಮನಃಶಾಸ್ತ್ರ ಓದಿದವರು ಹದಿನೈದರ ಹುಡುಗನ ಸಿಟ್ಟನ್ನು ಬರೀ ಸೊಕ್ಕು ಎಂದು ತಿಳಿಯುವುದಿಲ್ಲ. ಮಾನಸಿಕ ಕಾಯಿಲೆಗಳ ಪಾಠ, ಯಾರನ್ನು ತಡಮಾಡದೆ ಮನೋವೈದ್ಯರ ಕಡೆ ಕಳಿಸಬೇಕೆಂದು ಕಲಿಸುತ್ತದೆ. ಹುಡುಗರು ಅಂಜುವ ಸಂಖ್ಯಾಶಾಸ್ತ್ರ ಕೂಡ, ಒಬ್ಬರಿಗೆ ಆಗಿದ್ದು ಎಲ್ಲರಿಗೂ ಆಗುತ್ತದೆ ಎಂದು ನಂಬಬಾರದೆಂಬ ಎಚ್ಚರ ಕೊಡುತ್ತದೆ.

ಹಾಗಂತ ಬಿಎ ಮುಗಿಸಿ ಬೋರ್ಡು ಹಾಕಿದರೆ ಆಗಲಿಲ್ಲ. ಎಂಎ ಬೇಕು, ಅನುಭವಿಗಳ ಕೈಕೆಳಗೆ ಕೆಲಸ ಮಾಡಿರಬೇಕು, ಕೇಳಿದ ಗುಟ್ಟು ಹೊಟ್ಟೆಯಲ್ಲೇ ಇರಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿಯೂ ಬೇಕು.

ಗಡಿಭಾಗದವರಿಗೆ ಇನ್ನೊಂದು ಮಾತಿದೆ. ಕಾಲೇಜಿನ ಪಾಠ ಮರಾಠಿ, ಇಂಗ್ಲಿಷಿನಲ್ಲಿ. ದುಃಖ ಬರುವುದು ಮನೆಮಾತಿನಲ್ಲಿ. ನಮ್ಮ ಅವ್ವಂದಿರು 'ಡಿಪ್ರೆಶನ್' ಅನ್ನುವುದಿಲ್ಲ, 'ಎದಿ ಧಡಧಡ ಅಂತದರಿ, ಯಾವುದೂ ಬ್ಯಾಡ ಅನಸ್ತದ' ಅಂತಾರೆ. ಅದನ್ನು ಹಿಡಿಯಲು ಎರಡೂ ಭಾಷೆ ಬಲ್ಲ ನಮ್ಮ ಮಕ್ಕಳೇ ಓದಿ ಬರಬೇಕು.

ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ (14416) ಕನ್ನಡ, ಮರಾಠಿ ಎರಡರಲ್ಲೂ ಸಿಗುತ್ತದೆ. ಅಗತ್ಯವಿದ್ದವರು ಸಂಕೋಚ ಬಿಟ್ಟು ಫೋನ್ ಮಾಡಲಿ. ಆದರೆ ಮನೆಯಲ್ಲಿ ಒಂದೇ ಮೊಬೈಲ್ ಇದ್ದು, ಅದೂ ಅಪ್ಪನ ಕಿಸೆಯಲ್ಲಿದ್ದರೆ ಶಾಲೆ ಹುಡುಗ ಏನು ಮಾಡಬೇಕು? ಅವನಿಗೆ ಎದುರು ಕೂತು ಕೇಳುವವರು ಬೇಕು. ಗಡಿ ತಾಲೂಕುಗಳ ಕನ್ನಡ ಶಾಲೆಗಳಿಗೆ ವಾರಕ್ಕೊಂದು ದಿನವಾದರೂ ಕನ್ನಡ ಬಲ್ಲ ಸಮಾಲೋಚಕರು ಬರುವಂತೆ ಜಿಲ್ಲಾ ಪರಿಷತ್ತುಗಳು ವ್ಯವಸ್ಥೆ ಮಾಡಬೇಕು.

ಪಾಲಕರಲ್ಲೂ ಒಂದು ವಿನಂತಿ. ಈ ಸಲ ಮಗಳು ಸೈಕಾಲಜಿ ಅಂದರೆ ನಗಬೇಡ್ರಿ. ನಾಳೆ ನಿಮ್ಮೂರ ಹುಡುಗನೊಬ್ಬ ಬಾಯಿ ಬಿಡುವುದು ಆಕೆಯ ಮುಂದೆಯೇ ಇದ್ದೀತು.